ಗ್ರೂಪ್ ಫೋಟೊದ ತುದಿಯಲ್ಲಿ ನಿಂತವರು ದಪ್ಪ ಕಾಣುವುದೇಕೆ? ಕ್ಯಾಮೆರಾ ನಿಜವನ್ನು ಹಿಡಿಯುವ ಬಗೆ, ಬದಲಿಸುವ ಬಗೆ

ಮದುವೆ ಮನೆಯ ಒಂದು ಗ್ರೂಪ್ ಫೋಟೊ ತೆಗೆದು ನೋಡಿ. ನಡುವೆ ನಿಂತ ಮದುಮಕ್ಕಳು ಇದ್ದ ಹಾಗೇ ಇದ್ದಾರೆ. ಎರಡೂ ತುದಿಯಲ್ಲಿರುವ ಚಿಕ್ಕಪ್ಪ, ಸೋದರತ್ತೆ ಮಾತ್ರ ಅಗಲವಾಗಿದ್ದಾರೆ; ತಲೆಯನ್ನು ಯಾರೋ ಪಕ್ಕಕ್ಕೆ ಎಳೆದ ಹಾಗೆ ಮೊಟ್ಟೆಯಾಕಾರ ಬಂದಿದೆ. ಫೋಟೊವನ್ನು ಯಾರೂ ತಿದ್ದಿಲ್ಲ, ಫಿಲ್ಟರ್ ಹಾಕಿಲ್ಲ, ಕ್ಯಾಮೆರಾ ಕೆಟ್ಟಿಲ್ಲ. ಆದರೂ ಅತ್ತೆ ಹಾಗಿಲ್ಲ ಎಂದು ಮನೆಯವರಿಗೆಲ್ಲ ಗೊತ್ತು.

ಈ ಸಣ್ಣ ವಿಷಯ ಈಗ ದೊಡ್ಡದಾಗಿದೆ. ಗಾಡಿಗೆ ಪೆಟ್ಟಾದರೆ ವಿಮೆಗೆ ಫೋಟೊ ಬೇಕು, ಮಳೆಗೆ ಗೋಡೆ ಬಿದ್ದರೆ ಪರಿಹಾರಕ್ಕೆ ಫೋಟೊ ಬೇಕು. ಬಾಡಿಗೆ ಮನೆ ನೋಡುವುದು, ಸೀರೆ ಆರಿಸುವುದು, ಎಷ್ಟೋ ಕಡೆ ಹೆಣ್ಣು–ಗಂಡು ನೋಡುವುದು ಕೂಡ ಮೊದಲು ಫೋಟೊದಲ್ಲೇ. ಅದರ ಜೊತೆಗೆ ಎಐ ಹುಟ್ಟಿಸಿದ ಚಿತ್ರಗಳು ದಿನವೂ ವಾಟ್ಸ್ಆ್ಯಪ್ ಗುಂಪುಗಳಿಗೆ ಬಂದು ಬೀಳುತ್ತಿವೆ. "ಫೋಟೊ ನಂಬಬಹುದೇ?" ಎಂದು ಕೇಳಿದರೆ ಒಂದೇ ಮಾತಿನ ಉತ್ತರ ಸಿಗುವುದಿಲ್ಲ. ಒಂದೇ ಫೋಟೊವನ್ನು ಕೆಲವು ವಿಷಯಕ್ಕೆ ಪೂರ್ತಿ ನಂಬಬಹುದು, ಕೆಲವಕ್ಕೆ ಸ್ವಲ್ಪವೂ ನಂಬಬಾರದು. ಯಾವುದಕ್ಕೆ ಯಾವುದು ಎಂದು ತಿಳಿಯಬೇಕಾದರೆ ಕ್ಯಾಮೆರಾ ಕೆಲಸ ಮಾಡುವ ರೀತಿ ಗೊತ್ತಿರಬೇಕು.

ಕ್ಯಾಮೆರಾ ನಿಜವಾಗಿ ಅಳೆಯುವುದೇನು?

ಕ್ಯಾಮೆರಾ ವಸ್ತುವನ್ನು ಅಳೆಯುವುದಿಲ್ಲ, ವಸ್ತುವಿನಿಂದ ತನ್ನ ಕಡೆಗೆ ಬಂದ ಬೆಳಕನ್ನು ಅಳೆಯುತ್ತದೆ. ಲೆನ್ಸ್ ಆ ಬೆಳಕನ್ನು ಸೆನ್ಸರ್ ಎಂಬ ಚಪ್ಪಟೆ ಚಿಪ್‌ನ ಮೇಲೆ ಬೀಳಿಸುತ್ತದೆ. ಸೆನ್ಸರ್ ಮೇಲೆ ಬೆಳಕು ಅಳೆಯುವ ಲಕ್ಷಾಂತರ ಬಿಂದುಗಳಿವೆ; ಅವೇ ಪಿಕ್ಸೆಲ್‌ಗಳು. 12 ಮೆಗಾಪಿಕ್ಸೆಲ್ ಎಂದರೆ 1.2 ಕೋಟಿ ಬಿಂದು.

ಈ ಬಿಂದುಗಳಿಗೆ ಬಣ್ಣ ಗೊತ್ತಾಗುವುದಿಲ್ಲ, ಬೆಳಕು ಹೆಚ್ಚೋ ಕಡಿಮೆಯೋ ಎಂಬುದಷ್ಟೇ ಗೊತ್ತಾಗುತ್ತದೆ. ಅದಕ್ಕೇ ಒಂದೊಂದು ಬಿಂದುವಿನ ಮೇಲೆ ಒಂದೊಂದು ಬಣ್ಣದ ಸಣ್ಣ ಗಾಜು ಕೂರಿಸಿರುತ್ತಾರೆ: ಅರ್ಧದಷ್ಟು ಹಸಿರು, ಕಾಲುಭಾಗ ಕೆಂಪು, ಕಾಲುಭಾಗ ನೀಲಿ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ 1970ರ ದಶಕದಲ್ಲಿ ರೂಪಿಸಿದ ಈ ಏರ್ಪಾಡು ಇಂದಿಗೂ ಹೆಚ್ಚುಕಡಿಮೆ ಎಲ್ಲ ಫೋನುಗಳಲ್ಲಿದೆ. ಹಾಗಾಗಿ ಪ್ರತಿ ಬಿಂದುವೂ ಮೂರು ಬಣ್ಣಗಳಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ. ಉಳಿದ ಎರಡನ್ನು ಅಕ್ಕಪಕ್ಕದ ಬಿಂದುಗಳನ್ನು ನೋಡಿ ಫೋನು ಲೆಕ್ಕ ಹಾಕಿ ತುಂಬಿಸುತ್ತದೆ.

ರಂಗೋಲಿ ಹಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ. ಚುಕ್ಕಿ ಇಡುವುದು ಅಳತೆ. ಚುಕ್ಕಿಯಿಂದ ಚುಕ್ಕಿಗೆ ಎಳೆಯುವ ಗೆರೆ ಫೋನಿನ ಊಹೆ. ಮಾಮೂಲಿ ಗೋಡೆ, ಆಕಾಶ, ಮುಖಗಳಲ್ಲಿ ಊಹೆ ಚೆನ್ನಾಗಿಯೇ ಕೂರುತ್ತದೆ. ಇಳಕಲ್ ಸೀರೆಯ ಸಣ್ಣ ಚೌಕಳಿಯೋ ಒತ್ತೊತ್ತಾದ ಗೆರೆಯ ಅಂಗಿಯೋ ಎದುರಿಗೆ ಬಂದಾಗ ಎಡವುತ್ತದೆ. ನೇಯ್ಗೆಯ ಸಾಲು ಮತ್ತು ಪಿಕ್ಸೆಲ್ ಸಾಲು ಒಂದಕ್ಕೊಂದು ತಾಳೆಯಾಗದೆ, ಬಟ್ಟೆಯಲ್ಲಿ ಇಲ್ಲದ ಅಲೆಯಂಥ ಬಣ್ಣದ ಪಟ್ಟೆಗಳು ಮೂಡುತ್ತವೆ. ಒಂದೆರಡು ಹೆಜ್ಜೆ ಹತ್ತಿರ ಹೋಗಿ ಮತ್ತೆ ತೆಗೆದರೆ ಆ ಪಟ್ಟೆ ಜಾಗ ಬದಲಿಸುತ್ತದೆ, ಇಲ್ಲವೇ ಮಾಯವಾಗುತ್ತದೆ. ಬಟ್ಟೆಯದೇ ವಿನ್ಯಾಸವಾಗಿದ್ದರೆ ಅಲ್ಲೇ ಉಳಿಯುತ್ತಿತ್ತು.

ಎರಡು ಲೋಟದ ಲೆಕ್ಕ

ಫೋಟೊದಲ್ಲಿ ಆಗುವ ಬಹುಪಾಲು ಮೋಸ ದೂರದ್ದು. ಇದನ್ನು ಅಡುಗೆಮನೆಯಲ್ಲೇ ಪರೀಕ್ಷಿಸಬಹುದು.

ಒಂದೇ ಅಳತೆಯ ಎರಡು ಸ್ಟೀಲ್ ಲೋಟಗಳನ್ನು ಮೇಜಿನ ಮೇಲೆ ಒಂದರ ಹಿಂದೆ ಒಂದು, ಒಂದಡಿ ಅಂತರದಲ್ಲಿ ಇಡಿ. ಮೊದಲ ಲೋಟದಿಂದ ಒಂದಡಿ ದೂರದಲ್ಲಿ ಫೋನು ಹಿಡಿದು ಒಂದು ಫೋಟೊ ತೆಗೆಯಿರಿ. ಹತ್ತಿರದ ಲೋಟ ಒಂದಡಿ ದೂರದಲ್ಲಿದೆ, ಹಿಂದಿನದು ಎರಡಡಿ ದೂರದಲ್ಲಿ. ಹಿಂದಿನ ಲೋಟ ಸರಿಯಾಗಿ ಅರ್ಧ ಎತ್ತರಕ್ಕೆ ಕಾಣುತ್ತದೆ. ಈಗ ಮೊದಲ ಲೋಟದಿಂದ ಹತ್ತಡಿ ದೂರಕ್ಕೆ ಹೋಗಿ, ಜೂಮ್ ಮಾಡಿ ತೆಗೆಯಿರಿ. ದೂರ ಹತ್ತಡಿ ಮತ್ತು ಹನ್ನೊಂದಡಿ. ಹಿಂದಿನ ಲೋಟ ಮುಂದಿನದರ ಶೇ 91ರಷ್ಟು ಎತ್ತರ ಕಾಣುತ್ತದೆ. ಎರಡೂ ಒಂದಕ್ಕೊಂದು ಅಂಟಿಕೊಂಡಂತೆ ಇರುತ್ತವೆ. ಲೋಟಗಳು ಕದಲಿಲ್ಲ, ನೀವು ಕದಲಿದಿರಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಅಂತರ ಕುಗ್ಗಿಸುವುದು ಜೂಮ್ ಲೆನ್ಸ್ ಎನ್ನುತ್ತಾರೆ. ಲೆನ್ಸ್ ಮಾಡುವುದು ಚಿತ್ರದ ನಡುಭಾಗವನ್ನು ಕತ್ತರಿಸಿ ದೊಡ್ಡದು ಮಾಡುವ ಕೆಲಸ ಅಷ್ಟೇ. ಅಂತರ ಕುಗ್ಗುವುದು ನೀವು ದೂರ ಹೋದದ್ದರಿಂದ. ನಂಬಿಕೆ ಬಾರದಿದ್ದರೆ ಒಂದೇ ಜಾಗದಲ್ಲಿ ನಿಂತು 1x ಮತ್ತು 3x ಎರಡರಲ್ಲೂ ತೆಗೆದು, 1x ಫೋಟೊದ ನಡುಭಾಗವನ್ನು ಕ್ರಾಪ್ ಮಾಡಿ ಪಕ್ಕದಲ್ಲಿಟ್ಟು ನೋಡಿ. ಸ್ಪಷ್ಟತೆ ಕಡಿಮೆ ಇರಬಹುದು, ವಸ್ತುಗಳ ಗಾತ್ರದ ಅನುಪಾತ ಒಂದೇ ಇರುತ್ತದೆ.

ಇದೇ ಲೆಕ್ಕ ಸೆಲ್ಫಿಗೆ ಹಾಕೋಣ. ಮೂಗಿನ ತುದಿಯಿಂದ ಫೋನು 30 ಸೆಂ.ಮೀ. ದೂರದಲ್ಲಿದೆ ಎನ್ನಿ. ಕಿವಿ ಮೂಗಿಗಿಂತ ಸುಮಾರು 12 ಸೆಂ.ಮೀ. ಹಿಂದಿದೆ, ಅಂದರೆ 42 ಸೆಂ.ಮೀ. ದೂರ. 42ನ್ನು 30ರಿಂದ ಭಾಗಿಸಿದರೆ 1.4, ಕಿವಿಗೆ ಹೋಲಿಸಿದರೆ ಮೂಗು ಶೇ 40ರಷ್ಟು ಉಬ್ಬಿದೆ. ಯಾರಾದರೂ ಒಂದೂವರೆ ಮೀಟರ್ ದೂರ ನಿಂತು ನಿಮ್ಮ ಫೋಟೊ ತೆಗೆದರೆ ಈ ಉಬ್ಬು ಶೇ 8 ಮಾತ್ರ. ನಾವು ಒಬ್ಬರನ್ನೊಬ್ಬರು ಎದುರು ನಿಂತು ಮಾತಾಡಿಸುವ ದೂರವೂ ಅಷ್ಟೇ ಆದ್ದರಿಂದ ನಮ್ಮ ಮುಖ ಹೀಗೇ ಎಂದು ಲೋಕಕ್ಕೆ ಗೊತ್ತಿರುವುದು ಆ ಎರಡನೇ ಮುಖ. ಸೆಲ್ಫಿ ನೋಡಿ ಮೂಗು ದಪ್ಪ, ಹಣೆ ದೊಡ್ಡದು ಎಂದು ಕೊರಗುವ ಹದಿಹರೆಯದವರಿಗೆ ಈ ಲೆಕ್ಕವನ್ನು ದಯವಿಟ್ಟು ತೋರಿಸಿಕೊಡಿ. ಅವರ ಮೂಗಿನಲ್ಲಿ ಏನೂ ತಪ್ಪಿಲ್ಲ. ಫೋನು ತೀರಾ ಹತ್ತಿರ ಇದೆ.

ಬಾಡಿಗೆ ಮನೆಯ ಫೋಟೊಗಳಲ್ಲೂ ನಡೆಯುವುದು ಇದೇ. ಬಾಗಿಲಿಗೆ ಬೆನ್ನು ಕೊಟ್ಟು 0.5x ಕ್ಯಾಮೆರಾದಲ್ಲಿ ತೆಗೆದರೆ ಎದುರಿನ ಗೋಡೆ ಚಿಕ್ಕದಾಗಿ ದೂರ ಸರಿದು, ಹತ್ತಕ್ಕೆ ಹನ್ನೆರಡಡಿಯ ಕೋಣೆ ಹಜಾರದಂತೆ ಕಾಣುತ್ತದೆ. ಇಂಥ ಫೋಟೊದಲ್ಲಿ ಗೋಡೆಗಳನ್ನು ಬಿಟ್ಟು ನೆಲ ನೋಡಿ. ಈಗಿನ ಮನೆಗಳಲ್ಲಿ ಹೆಚ್ಚಾಗಿ ಎರಡಡಿ ಚೌಕದ ಟೈಲ್ಸ್ ಇರುತ್ತವೆ. ಅಡ್ಡಕ್ಕೆ ಐದು, ಉದ್ದಕ್ಕೆ ಆರು ಟೈಲ್ಸ್ ಎಣಿಸಿದರೆ ಕೋಣೆ ಹತ್ತಕ್ಕೆ ಹನ್ನೆರಡೇ. ಲೆನ್ಸ್ ಗಾತ್ರ ಬದಲಿಸಬಲ್ಲದು, ಎಣಿಕೆ ಬದಲಿಸಲಾರದು.

ತುದಿಯವರ ಪಾಡು

ಈಗ ಅತ್ತೆಯ ಕಡೆಗೆ ಬರೋಣ. ಕತ್ತಲೆ ಕೋಣೆಯಲ್ಲಿ ಗೋಡೆಯ ಎದುರಿಗೆ ಟಾರ್ಚ್ ಇಟ್ಟು, ನಡುವೆ ಒಂದು ಚೆಂಡು ಹಿಡಿಯಿರಿ. ಟಾರ್ಚಿನ ನೇರಕ್ಕೆ ಹಿಡಿದರೆ ಗೋಡೆಯ ಮೇಲೆ ನೆರಳು ಗುಂಡಗಿರುತ್ತದೆ. ಚೆಂಡನ್ನು ಪಕ್ಕಕ್ಕೆ ಸರಿಸುತ್ತ ಹೋದಂತೆ ಬೆಳಕು ಓರೆಯಾಗಿ ಬಿದ್ದು ನೆರಳು ಮೊಟ್ಟೆಯಾಕಾರಕ್ಕೆ ಎಳೆಯುತ್ತದೆ. ಲೆನ್ಸ್ ಚಪ್ಪಟೆ ಸೆನ್ಸರ್ ಮೇಲೆ ಚಿತ್ರ ಬೀಳಿಸುವುದೂ ಹೀಗೆಯೇ. ತಲೆ ಚೆಂಡಿನಂತೆ ದುಂಡಗಿರುವುದರಿಂದ ತುದಿಯಲ್ಲಿ ಎಳೆಯುತ್ತದೆ. ಹಿಂದೆ ಕಟ್ಟಿದ ಚಪ್ಪಟೆ ಬ್ಯಾನರ್‌ಗೆ ಈ ತೊಂದರೆ ಇಲ್ಲ. ಅದರ ಮೇಲೆ ಬಿಡಿಸಿದ ವೃತ್ತ ತುದಿಯಲ್ಲೂ ವೃತ್ತವಾಗಿಯೇ ಬರುತ್ತದೆ.

ಎಷ್ಟು ಎಳೆಯುತ್ತದೆ ಎಂಬುದು ಲೆನ್ಸ್ ಎಷ್ಟು ಅಗಲ ನೋಡುತ್ತದೆ ಎಂಬುದರ ಮೇಲಿದೆ. ಫೋನಿನ ಮಾಮೂಲಿ 1x ಕ್ಯಾಮೆರಾದಲ್ಲಿ ಚಿತ್ರದ ಅಂಚಿನ ತಲೆ ಸುಮಾರು ಶೇ 25ರಷ್ಟು ಅಗಲವಾಗುತ್ತದೆ. 2x ಆದರೆ ಶೇ 6. ಕಣ್ಣಿಗೆ ಗೊತ್ತೇ ಆಗುವುದಿಲ್ಲ. 0.5x ಆದರೆ ತೀರಾ ಅಂಚಿನಲ್ಲಿ ಶೇ 70ರವರೆಗೂ ಹೋಗುತ್ತದೆ. ಕೆಲವು ಫೋನುಗಳು ಮುಖವನ್ನು ಗುರುತಿಸಿ ತಾವೇ ಸರಿಪಡಿಸುತ್ತವೆ. ಆಗ ಮುಖ ಸರಿಹೋಗಿ, ಅದರ ಹಿಂದಿನ ಕಂಬವೋ ಬಾಗಿಲ ಚೌಕಟ್ಟೋ ಬಾಗಿ ಕೂರುತ್ತದೆ. ಚೆಂಡಿನ ಮೇಲ್ಮೈಯನ್ನು ಕಾಗದದ ಮೇಲೆ ಹರಡುವಾಗ ಎಲ್ಲೋ ಒಂದು ಕಡೆ ಎಳೆಯಲೇಬೇಕು. ಎಲ್ಲಿ ಎಳೆಯಬೇಕು ಎಂಬ ಆಯ್ಕೆ ಮಾತ್ರ ನಮ್ಮದು.

ಪರಿಹಾರ ಸುಲಭ. ಆರು ಮೀಟರ್ ಅಗಲದ ಸಾಲು 1xನಲ್ಲಿ ಹಿಡಿಯಬೇಕಾದರೆ ಸುಮಾರು 4 ಮೀಟರ್ ದೂರ ಸಾಕು, 2xನಲ್ಲಾದರೆ 8 ಮೀಟರ್ ಬೇಕು. ಛತ್ರದಲ್ಲಿ ಜಾಗವಿದ್ದರೆ ಹಿಂದೆ ಹೋಗಿ 2xನಲ್ಲಿ ತೆಗೆಯಿರಿ. ಜಾಗವಿಲ್ಲದಿದ್ದರೆ ಸಾಲನ್ನು ಎರಡು ಮಾಡಿ, ಎರಡೂ ಬದಿಯಲ್ಲಿ ಖಾಲಿ ಜಾಗ ಬಿಟ್ಟು ತೆಗೆದು ಆಮೇಲೆ ಕ್ರಾಪ್ ಮಾಡಿ.

ಜನಜಂಗುಳಿ ಇದೆಯೋ ಇಲ್ಲವೋ

ಹತ್ತು ಜನ ಎರಡೆರಡು ಮೀಟರ್ ಅಂತರದಲ್ಲಿ ಸರದಿಯಲ್ಲಿ ನಿಂತಿದ್ದಾರೆ. ಮೊದಲನೆಯವರಿಂದ 4 ಮೀಟರ್ ದೂರ ನಿಂತು ತೆಗೆದರೆ, 22 ಮೀಟರ್ ದೂರದಲ್ಲಿರುವ ಕೊನೆಯವರು ಮೊದಲನೆಯವರ ಐದನೇ ಒಂದು ಪಾಲಿಗಿಂತ ಚಿಕ್ಕದಾಗಿ ಕಾಣುತ್ತಾರೆ. ಸಾಲು ವಿರಳ, ಉದ್ದ. ಅದೇ ಸಾಲನ್ನು 60 ಮೀಟರ್ ದೂರದಿಂದ, ದೂರದ್ದನ್ನು ದೊಡ್ಡದಾಗಿ ತೋರಿಸುವ ಟೆಲಿ ಲೆನ್ಸಿನಲ್ಲಿ ತೆಗೆದರೆ ಕೊನೆಯವರು ಮುಕ್ಕಾಲು ಪಾಲಿಗಿಂತ ದೊಡ್ಡದಾಗಿ ಕಾಣುತ್ತಾರೆ. ಹತ್ತೂ ಜನ ಒಬ್ಬರ ಮೈಮೇಲೆ ಒಬ್ಬರು ಬಿದ್ದಂತೆ ಇರುತ್ತದೆ.

2020ರ ಏಪ್ರಿಲ್‌ನಲ್ಲಿ ಕೊರೊನಾ ನಿರ್ಬಂಧಗಳ ನಡುವೆ ಡೆನ್ಮಾರ್ಕಿನ ಇಬ್ಬರು ಸುದ್ದಿ ಛಾಯಾಗ್ರಾಹಕರು ಕೋಪನ್‌ಹೇಗನ್‌ನಲ್ಲಿ ಇದನ್ನೇ ಮಾಡಿ ತೋರಿಸಿದರು. ಒಂದೇ ಜಾಗದ ಜನರನ್ನು ಅಗಲ ಲೆನ್ಸಿನಲ್ಲಿ ಹತ್ತಿರದಿಂದಲೂ ಟೆಲಿ ಲೆನ್ಸಿನಲ್ಲಿ ದೂರದಿಂದಲೂ ತೆಗೆದು ಅಕ್ಕಪಕ್ಕ ಇಟ್ಟರು. ಒಂದರಲ್ಲಿ ಜನ ಅಂತರ ಕಾಯ್ದುಕೊಂಡಿದ್ದಾರೆ, ಇನ್ನೊಂದರಲ್ಲಿ ನಿಯಮ ಗಾಳಿಗೆ ತೂರಿದ್ದಾರೆ. ಎರಡೂ ತಿದ್ದದ ಫೋಟೊಗಳು. ಸಭೆಯೋ ಜಾತ್ರೆಯೋ ಟ್ರಾಫಿಕ್ಕೋ, ಎಷ್ಟು ಜನ ಸೇರಿದ್ದರು ಎಂದು ತಿಳಿಯಲು ಮೇಲಿನಿಂದ ತೆಗೆದ ಫೋಟೊ ಬೇಕು. ನೆಲಮಟ್ಟದ ಫೋಟೊದಲ್ಲಿ ಜನ ಜನರನ್ನು ಮರೆ ಮಾಡುತ್ತಾರೆ, ಖಾಲಿ ನೆಲ ಕಾಣುವುದಿಲ್ಲ.

ಗೋಪುರದ ಹಿಂದೆ ಅದರಷ್ಟೇ ದೊಡ್ಡ ಚಂದ್ರ ನಿಂತ ಫೋಟೊ ಬಂದರೆ ಅದನ್ನು ಕೂಡಲೇ ಸುಳ್ಳೆನ್ನಬೇಕಿಲ್ಲ. ಆಕಾಶದಲ್ಲಿ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ. ಯಾವುದೇ ಕಟ್ಟಡದಿಂದ ಅದರ ಎತ್ತರದ 110 ಪಟ್ಟು ದೂರ ಹೋದರೆ ಅದೂ ಅರ್ಧ ಡಿಗ್ರಿಯಷ್ಟೇ ಕಾಣುತ್ತದೆ. 30 ಮೀಟರ್ ಗೋಪುರವಾದರೆ 3.3 ಕಿಲೋಮೀಟರ್ ದೂರ ನಿಂತು ದೊಡ್ಡ ಟೆಲಿ ಲೆನ್ಸಿನಲ್ಲಿ ತೆಗೆಯಬೇಕು. ಆದರೆ ಅದೇ ಚಿತ್ರದಲ್ಲಿ ಗೋಪುರದ ಬುಡದ ಹೂವಿನಂಗಡಿ ಹತ್ತಿರದಿಂದ ನೋಡಿದಂತೆ ದೊಡ್ಡದಾಗಿ, ಗೋಪುರ ಅದರ ಹಿಂದೆ ಸಣ್ಣಗೆ ಕಂಡರೆ, ಚಂದ್ರನನ್ನು ಆಮೇಲೆ ಅಂಟಿಸಿದ್ದಾರೆ.

ಕಾಲವೂ ಕತ್ತರಿಸುತ್ತದೆ

ಶಟರ್ ವೇಗ ಎಂದರೆ ಸೆನ್ಸರ್‌ಗೆ ಬೆಳಕು ಬೀಳುವ ಅವಧಿ. 1838ರಲ್ಲಿ ಫೋಟೊಗ್ರಫಿಯ ಆರಂಭಿಕರಲ್ಲಿ ಒಬ್ಬನಾದ ಡಾಗೆರ್ ಪ್ಯಾರಿಸಿನ ಒಂದು ಗಿಜಿಗುಡುವ ಬೀದಿಯ ಚಿತ್ರ ತೆಗೆದ. ಅಂದಿನ ತಟ್ಟೆಗೆ ಹಲವು ನಿಮಿಷ ಬೆಳಕು ಬೇಕಿತ್ತು. ಓಡಾಡುತ್ತಿದ್ದ ಜನ, ಗಾಡಿಗಳು ಒಂದು ಕಡೆ ನಿಲ್ಲದ್ದರಿಂದ ಗುರುತೇ ಉಳಿಸಲಿಲ್ಲ. ಬೀದಿ ಖಾಲಿ ಖಾಲಿ. ಮೂಲೆಯಲ್ಲಿ ಬೂಟು ಪಾಲಿಶ್ ಮಾಡಿಸಿಕೊಳ್ಳಲು ಕಾಲು ಚಾಚಿ ನಿಂತಿದ್ದ ಒಬ್ಬ ಮಾತ್ರ ಚಿತ್ರದಲ್ಲಿ ಉಳಿದ. ಫೋಟೊದಲ್ಲಿ ಇಲ್ಲ ಎಂದರೆ ಅಲ್ಲಿ ಇರಲಿಲ್ಲ ಎಂದರ್ಥವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ನಲವತ್ತು ವರ್ಷಗಳ ನಂತರ ಇದಕ್ಕೆ ತದ್ವಿರುದ್ಧವಾದದ್ದೂ ನಡೆಯಿತು. ಓಡುವ ಕುದುರೆಯ ನಾಲ್ಕೂ ಗೊರಸು ಒಟ್ಟಿಗೆ ನೆಲ ಬಿಡುತ್ತವೆಯೇ ಎಂಬ ಪ್ರಶ್ನೆಗೆ ಬರಿಗಣ್ಣಿಗೆ ಉತ್ತರ ಸಿಕ್ಕಿರಲಿಲ್ಲ. 1878ರಲ್ಲಿ ಛಾಯಾಗ್ರಾಹಕ ಮೈಬ್ರಿಜ್ ಕ್ಯಾಲಿಫೋರ್ನಿಯಾದಲ್ಲಿ 12 ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು ತೆಗೆದ ಚಿತ್ರಗಳು ಹೌದು ಎಂದವು. ಆದರೆ ಚಿತ್ರಕಾರರು ಬರೆಯುತ್ತಿದ್ದಂತೆ ಕಾಲುಗಳು ಹಿಂದೆ ಮುಂದೆ ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಮಡಚಿಕೊಂಡಾಗ. ಇಲ್ಲಿ ಕಣ್ಣು ತಪ್ಪಿತ್ತು, ಕ್ಯಾಮೆರಾ ಸರಿಯಿತ್ತು.

ಜೋಗದ ನೀರನ್ನು ಸ್ಟ್ಯಾಂಡ್ ಮೇಲೆ ಕ್ಯಾಮೆರಾ ಇಟ್ಟು ಒಂದು ಸೆಕೆಂಡ್ ತೆರೆದು ತೆಗೆದರೆ ಹಾಲು ಸುರಿದಂತೆ ಬರುತ್ತದೆ. 1/1000 ಸೆಕೆಂಡಿನಲ್ಲಿ ತೆಗೆದರೆ ಗಾಜಿನ ಚೂರಿನಂಥ ಹನಿಗಳು. ಅಲ್ಲಿ ನಿಂತವರು ಕಂಡದ್ದು ಎರಡನ್ನೂ ಅಲ್ಲ. ಗಂಟೆಗೆ 60 ಕಿ.ಮೀ. ವೇಗದ ಬಸ್ಸು 1/125 ಸೆಕೆಂಡಿನಲ್ಲಿ 13 ಸೆಂ.ಮೀ. ಮುಂದೆ ಹೋಗಿರುತ್ತದೆ, ನಂಬರ್ ಪ್ಲೇಟ್ ಕಲಸಿಹೋಗುವುದು ಅದಕ್ಕೇ. 1/1000ಕ್ಕೆ ಇಳಿಸಿದರೆ ಎರಡು ಸೆಂಟಿಮೀಟರಿಗಿಂತ ಕಡಿಮೆ, ಓದಬಹುದು.

ಫೋನುಗಳಲ್ಲಿ ಇನ್ನೊಂದು ತೊಡಕಿದೆ. ಸೆನ್ಸರ್ ಇಡೀ ಚಿತ್ರವನ್ನು ಒಂದೇ ಕ್ಷಣಕ್ಕೆ ಹಿಡಿಯುವುದಿಲ್ಲ, ಪುಟ ಓದುವ ಹಾಗೆ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓದುತ್ತ ಬರುತ್ತದೆ. ಇದಕ್ಕೆ 1/50 ಸೆಕೆಂಡ್ ಹಿಡಿದರೂ ಆ ಬಸ್ಸು ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ 33 ಸೆಂ.ಮೀ. ಸರಿದಿರುತ್ತದೆ, ಚಿತ್ರದಲ್ಲಿ ವಾಲಿ ನಿಂತಿರುತ್ತದೆ. ಓಡುವ ಬಸ್ಸಿನ ಕಿಟಕಿಯಿಂದ ತೆಗೆದ ಲೈಟು ಕಂಬಗಳು ಓರೆಯಾಗುವುದು, ಫ್ಯಾನಿನ ರೆಕ್ಕೆ ಕುಡುಗೋಲಿನಂತೆ ಬಾಗುವುದು ಇದರಿಂದಲೇ. ಎಲ್ಇಡಿ ಬೆಳಕಿನಲ್ಲಿ ಕಾಣುವ ಕಪ್ಪು ಅಡ್ಡಪಟ್ಟೆಗಳೂ ಹೀಗೇ ಬರುತ್ತವೆ: ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಬೆಳಕು ಕುಂದಿದ ಹೊತ್ತಿಗೆ ಓದಿದ ಸಾಲುಗಳು ಕಪ್ಪಾಗುತ್ತವೆ. ಸೆಟ್ಟಿಂಗುಗಳನ್ನು ಕೈಯಿಂದ ಹೊಂದಿಸುವ ಪ್ರೊ ಮೋಡಿನಲ್ಲಿ ಶಟರ್ 1/50 ಅಥವಾ 1/100 ಇಟ್ಟರೆ ಪಟ್ಟೆ ಹೋಗುತ್ತದೆ.

ಮನುಷ್ಯರ ಮುಖಕ್ಕೂ ಇದು ಅನ್ವಯಿಸುತ್ತದೆ. ಮಾತಿನ ನಡುವೆ ರೆಪ್ಪೆ ಅರ್ಧ ಮುಚ್ಚಿ ಬಾಯಿ ಓರೆಯಾಗುವ ಕ್ಷಣಗಳು ಎಲ್ಲರಿಗೂ ಬರುತ್ತವೆ. ಎದುರಿಗಿದ್ದವರ ಕಣ್ಣಿಗೆ ಅವು ನಿಲ್ಲುವುದಿಲ್ಲ. ಅಂಥ ಒಂದು ಕ್ಷಣ ಆರಿಸಿ ಅಚ್ಚು ಹಾಕಿದರೆ ಭಾಷಣಕಾರ ಅಮಲಿನಲ್ಲಿದ್ದಂತೆ ಕಾಣಬಹುದು. ಒಬ್ಬರ ಮನಃಸ್ಥಿತಿಯನ್ನು ಒಂದು ಫೋಟೊದಿಂದ ತೀರ್ಮಾನಿಸಬಾರದು.

ಬಣ್ಣ ಏಕೆ ಬೇರೆ ಬರುತ್ತದೆ?

ಎದುರಿಗಿರುವುದು ಬಿಳಿಯೋ ಕಪ್ಪೋ ಕ್ಯಾಮೆರಾಗೆ ಗೊತ್ತಿಲ್ಲ. ಸರಾಸರಿ ದೃಶ್ಯ ನಡುಬೂದು ಇರುತ್ತದೆ ಎಂಬ ಅಂದಾಜಿನ ಮೇಲೆ ಅದು ಬೆಳಕು ನಿಗದಿ ಮಾಡುತ್ತದೆ. ಹೀಗಾಗಿ ಚಿತ್ರದ ತುಂಬ ಬಿಳಿ ಪಂಚೆಯಿದ್ದರೆ ಮಂಕು ಬೂದು ಬರುತ್ತದೆ. ಕರಿಕಲ್ಲಿನ ವಿಗ್ರಹವೇ ತುಂಬಿದ್ದರೆ ಅದನ್ನೂ ಬೆಳಗಿಸಿ ಬೂದು ಮಾಡಿಬಿಡುತ್ತದೆ. ಪರದೆಯ ಮೇಲೆ ಬೆರಳಿಟ್ಟಾಗ ಬರುವ ಸೂರ್ಯನ ಗುರುತನ್ನು ಬಿಳಿಗೆ ಸ್ವಲ್ಪ ಮೇಲೆ, ಕಪ್ಪಿಗೆ ಸ್ವಲ್ಪ ಕೆಳಗೆ ಎಳೆಯಬೇಕು.

ಬೆಳಕಿನದೇ ಬಣ್ಣವನ್ನು ಕಳೆಯುವುದು ಎರಡನೇ ಊಹೆ; ಇದನ್ನು ವೈಟ್ ಬ್ಯಾಲೆನ್ಸ್ ಎನ್ನುತ್ತಾರೆ. ಹಳೆಯ ತಂತಿ ಬಲ್ಬು ಹಳದಿ, ನೆರಳಿನ ಬೆಳಕು ನೀಲಿ. ನಮ್ಮ ಮಿದುಳು ಇದನ್ನು ತಾನಾಗಿ ಸರಿದೂಗಿಸುತ್ತದೆ, ಫೋನು ಲೆಕ್ಕದಿಂದ ಸರಿದೂಗಿಸುತ್ತದೆ. 2020ರ ಸೆಪ್ಟೆಂಬರ್ 9ರಂದು ಕಾಳ್ಗಿಚ್ಚಿನ ಹೊಗೆಯಿಂದ ಸ್ಯಾನ್ ಫ್ರಾನ್ಸಿಸ್ಕೊದ ಆಕಾಶ ಹಾಡಹಗಲೇ ಕಿತ್ತಳೆಯಾಯಿತು. ಜನ ಫೋನು ಎತ್ತಿ ತೆಗೆದರೆ ಮಾಮೂಲಿ ಮೋಡದಂಥ ಬೂದು ಆಕಾಶ ಬಂತು. ಕಿತ್ತಳೆಯೆಂದರೆ ದೀಪದ ದೋಷವೆಂದು ಫೋನು ಅದನ್ನು ತೆಗೆದುಹಾಕಿತ್ತು. ಆ ದಿನದ ನಿಜವಾದ ಬಣ್ಣ ಹಿಡಿಯಲು ಜನ ವೈಟ್ ಬ್ಯಾಲೆನ್ಸನ್ನು ಕೈಯಿಂದ ಹಗಲು ಬೆಳಕಿಗೆ ಕಟ್ಟಬೇಕಾಯಿತು.

ಸೀರೆ ಮಾರುವವರಿಗೂ ಕೊಳ್ಳುವವರಿಗೂ ಇದರಿಂದ ದಿನವೂ ಜಗಳ. ಅಂಗಡಿಯ ದೀಪ ಆರಿಸಿ, ಕಿಟಕಿಯ ಪಕ್ಕ ಬಿಸಿಲು ನೇರ ಬೀಳದ ಕಡೆ ಸೀರೆ ಹರಡಿ, ಮೂಲೆಯಲ್ಲಿ ಒಂದು ಬಿಳಿ ಹಾಳೆ ಇಟ್ಟು ತೆಗೆಯಬೇಕು. ಫೋಟೊದಲ್ಲಿ ಹಾಳೆ ಬಿಳಿಯಾಗಿ ಕಂಡರೆ ಸೀರೆಯ ಬಣ್ಣವೂ ಹೆಚ್ಚುಕಡಿಮೆ ಸರಿ. ಹಾಳೆ ನೀಲಿಗೋ ಹಳದಿಗೋ ತಿರುಗಿದ್ದರೆ ಸೀರೆಯೂ ತಿರುಗಿದೆ. ಜರಿಯ ಹೊಳಪನ್ನು ಮಾತ್ರ ಒಂದು ಫೋಟೊದಲ್ಲಿ ತೋರಿಸಲಾಗದು, ಕೋನ ಬದಲಾದಂತೆ ಅದು ಬದಲಾಗುತ್ತದೆ. ಸೆರಗನ್ನು ನಿಧಾನ ಮಗುಚುವ ವಿಡಿಯೊ ಕೇಳಿ.

ಮೈಬಣ್ಣದ ವಿಷಯ ಇನ್ನೂ ಗಂಭೀರ. ಕಳೆದ ಶತಮಾನದ ಬಹುಕಾಲ ಕೊಡಕ್ ತನ್ನ ಪ್ರಿಂಟಿಂಗ್ ಲ್ಯಾಬುಗಳಿಗೆ ಬಣ್ಣ ಹೊಂದಿಸಿಕೊಳ್ಳಲು ಕಳಿಸುತ್ತಿದ್ದ ಮಾದರಿ ಕಾರ್ಡಿನಲ್ಲಿ ಇದ್ದದ್ದು ಬಿಳಿಯ ಹೆಂಗಸಿನ ಚಿತ್ರ. ಅವಳ ಚರ್ಮ ಚೆನ್ನಾಗಿ ಬಂದರೆ ಪ್ರಿಂಟು ಸರಿ ಎಂಬುದು ಲೆಕ್ಕ; ಕಪ್ಪು ಮೈಬಣ್ಣದ ಛಾಯೆಗಳು ಒಂದಾಗಿ ಕಪ್ಪಿಡುತ್ತಿದ್ದವು. ಈಗ ಹಲವು ಫೋನುಗಳ ಮುಂದಿನ ಕ್ಯಾಮೆರಾದಲ್ಲಿ ಬ್ಯೂಟಿ ಸೆಟ್ಟಿಂಗ್ ಕೇಳದೆಯೇ ಚಾಲೂ ಇದ್ದು, ಚರ್ಮ ನುಣುಪು ಮಾಡಿ ಬಿಳಿ ಬಳಿಯುತ್ತದೆ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಅದನ್ನು ಸೊನ್ನೆಗೆ ಇಳಿಸಬಹುದು, ಇಳಿಸಿ.

ಮುತ್ತಜ್ಜಿಯ ಕಾಲದ ಫೋಟೊ ಮನೆಯಲ್ಲಿದ್ದರೆ ಒಂದು ಮಾತು. ಅಂದಿನ ಗಾಜಿನ ತಟ್ಟೆ, ಫಿಲ್ಮುಗಳಲ್ಲಿ ಹಲವಕ್ಕೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ, ನೀಲಿ ಅತಿಯಾಗಿ ಕಾಣುತ್ತಿತ್ತು. ಹಾಗಾಗಿ ಕುಂಕುಮ ಕಪ್ಪು ಬೊಟ್ಟಾಗಿ, ಕೆಂಪು ಸೀರೆ ಕರಿ ಸೀರೆಯಾಗಿ, ನೀಲಿ ಆಕಾಶ ಖಾಲಿ ಬಿಳಿಯಾಗಿ ಬಂದಿದೆ. ಮೈಬಣ್ಣವೂ ಇದ್ದದ್ದಕ್ಕಿಂತ ಕಪ್ಪಾಗಿಯೇ ಬರುತ್ತಿತ್ತು. ಈಗ ಆ್ಯಪ್‌ಗಳು ಅಂಥ ಫೋಟೊಗೆ ಹಚ್ಚುವ ಬಣ್ಣ ಪೂರ್ತಿ ಊಹೆ. ಸೀರೆ ಯಾವ ಬಣ್ಣದ್ದಿತ್ತು ಎಂಬುದನ್ನು ಮನೆಯ ಹಿರಿಯರನ್ನೇ ಕೇಳಬೇಕು.

ಜೋಡಿಸಿದ್ದು, ಅಳಿಸಿದ್ದು

ಎದುರಿಗಿನ ದೃಶ್ಯವನ್ನೇ ಬದಲಿಸಿ ತೆಗೆಯುವ ಅಭ್ಯಾಸ ಫೋಟೊಗ್ರಫಿಯಷ್ಟೇ ಹಳೆಯದು. 1855ರ ಕ್ರೈಮಿಯಾ ಯುದ್ಧದಲ್ಲಿ ರೋಜರ್ ಫೆಂಟನ್ ಒಂದೇ ಕಣಿವೆಯ ಎರಡು ಚಿತ್ರ ತೆಗೆದ. ಒಂದರಲ್ಲಿ ಫಿರಂಗಿ ಗುಂಡುಗಳು ರಸ್ತೆಯ ಮೇಲಿವೆ, ಇನ್ನೊಂದರಲ್ಲಿ ರಸ್ತೆ ತೆರವಾಗಿದೆ. ಲಖನೌದ ಸಿಕಂದರ್ ಬಾಗ್‌ನಲ್ಲಿ ಹತ್ಯಾಕಾಂಡ ನಡೆದದ್ದು 1857ರ ನವೆಂಬರಿನಲ್ಲಿ. ಅಂಗಳದಲ್ಲಿ ಅಸ್ಥಿಪಂಜರಗಳು ಚೆಲ್ಲಿರುವ ಫೆಲೀಚೆ ಬಿಯಾಟೊನ ಪ್ರಸಿದ್ಧ ಚಿತ್ರ ತೆಗೆದದ್ದು ತಿಂಗಳುಗಳು ಕಳೆದು 1858ರಲ್ಲಿ. ಆ ಸಾವುಗಳು ನಿಜ, ಆದರೆ ಚಿತ್ರ ಆ ದಿನದ್ದಲ್ಲ.

ಸ್ಟಾಲಿನ್ ಪಕ್ಕ ನಡೆಯುತ್ತಿದ್ದ ಸೋವಿಯತ್ ರಹಸ್ಯ ಪೊಲೀಸರ ಮುಖ್ಯಸ್ಥ ಯೆಜೋವ್ ಅಧಿಕಾರ ಕಳೆದುಕೊಂಡು ಸತ್ತ ಮೇಲೆ ಫೋಟೊದಿಂದಲೂ ಮಾಯವಾದ. ಅವನಿದ್ದ ಜಾಗಕ್ಕೆ ಕಾಲುವೆಯ ನೀರು ಬಂತು. 1982ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅಡ್ಡ ಚಿತ್ರವನ್ನು ಉದ್ದ ಮುಖಪುಟಕ್ಕೆ ಹೊಂದಿಸಲು ಗೀಜಾದ ಪಿರಮಿಡ್ಡುಗಳನ್ನೇ ಹತ್ತಿರ ಸರಿಸಿತು. ಇಂಥವುಗಳ ನಂತರ ಸುದ್ದಿ ಛಾಯಾಗ್ರಹಣದಲ್ಲಿ ಒಂದು ಗೆರೆ ಗಟ್ಟಿಯಾಗಿದೆ: ಕ್ರಾಪ್ ಮಾಡಬಹುದು, ಬೆಳಕನ್ನು ಮಿತವಾಗಿ ಹೊಂದಿಸಬಹುದು; ಏನನ್ನೂ ಸೇರಿಸುವಂತಿಲ್ಲ, ಅಳಿಸುವಂತಿಲ್ಲ.

ಆದರೆ ವಾಟ್ಸ್ಆ್ಯಪ್ಪಿನಲ್ಲಿ ಅತಿ ಹೆಚ್ಚು ಮೋಸ ಮಾಡುವುದು ತಿದ್ದದ ಫೋಟೊವೇ. ಯಾವುದೋ ಊರಿನ ಹಳೆಯ ಪ್ರವಾಹದ ಅಸಲಿ ಚಿತ್ರಕ್ಕೆ "ಇಂದು ಬೆಳಿಗ್ಗೆ ನಮ್ಮೂರಲ್ಲಿ" ಎಂದು ಬರೆದರೆ ಸಾಕು.

ಫೋನು ತಾನೇ ಬರೆಯುವ ಭಾಗ

ಈಗಿನ ಫೋನು ನೀವು ಗುಂಡಿ ಒತ್ತಿದಾಗ ಒಂದು ಫೋಟೊ ತೆಗೆಯುವುದಿಲ್ಲ. ಹಲವು ಫ್ರೇಮು ಹಿಡಿದು, ಆಕಾಶವನ್ನು ಒಂದರಿಂದ, ನೆರಳಿನ ಮುಖವನ್ನು ಇನ್ನೊಂದರಿಂದ ತೆಗೆದು ಹೊಲಿಯುತ್ತದೆ. ಇದೇ ಎಚ್‌ಡಿಆರ್. ನೈಟ್ ಮೋಡ್ ಸೆಕೆಂಡುಗಟ್ಟಲೆ ಬೆಳಕು ಕೂಡಿಹಾಕಿ ಕತ್ತಲೆ ಬೀದಿಯನ್ನು ಸಂಜೆಯಂತೆ ಮಾಡುತ್ತದೆ. ಆ ಫೋಟೊ ತೋರಿಸಿ "ಅಲ್ಲಿ ಬೆಳಕಿತ್ತು" ಎಂದು ವಾದಿಸುವಂತಿಲ್ಲ. ಪೋರ್ಟ್ರೇಟ್ ಮೋಡಿನ ಹಿನ್ನೆಲೆ ಮಸುಕು ಲೆಕ್ಕದಿಂದ ಬಳಿದದ್ದು, ಮುಡಿದ ಮಲ್ಲಿಗೆಯ ಅಂಚು, ಹಾರುವ ಕೂದಲು, ಕನ್ನಡಕದ ಕಡ್ಡಿ ಅಲ್ಲಿ ಕರಗಿಹೋಗುತ್ತವೆ.

2023ರಲ್ಲಿ ಒಬ್ಬ ಬಳಕೆದಾರ ಚಂದ್ರನ ಚಿತ್ರವನ್ನು ಬೇಕೆಂದೇ ಮಸುಕು ಮಾಡಿ ಕಂಪ್ಯೂಟರ್ ಪರದೆಯಲ್ಲಿಟ್ಟು, ಕೋಣೆಯ ಆ ತುದಿಯಿಂದ ಫೋನಿನಲ್ಲಿ ಜೂಮ್ ಮಾಡಿ ತೆಗೆದ. ಪರದೆಯಲ್ಲಿ ಇಲ್ಲದ ಕುಳಿಗಳು ಫೋಟೊದಲ್ಲಿ ಬಂದವು. ಎದುರಿಗಿರುವುದು ಚಂದ್ರ ಎಂದು ಗುರುತಿಸಿದ ಸಾಫ್ಟ್‌ವೇರ್ ತಾನು ಕಲಿತ ಚಂದ್ರನನ್ನು ಸೇರಿಸಿತ್ತು.

ಎಐ ಚಿತ್ರ ಇದರ ಮುಂದಿನ ಹೆಜ್ಜೆ. ಅದರಲ್ಲಿ ಬೆಳಕಿನ ಅಳತೆ ಒಂದೂ ಇಲ್ಲ. ರಂಗೋಲಿಯ ಗೆರೆಗಳಿವೆ, ಕೆಳಗೆ ಚುಕ್ಕಿಯೇ ಇಲ್ಲ. ಎಐ ಬರೆದ ಕೈಗಳಲ್ಲಿ ಆರು ಬೆರಳು ಹುಡುಕುವ ಉಪಾಯ ಹಳೆಯದಾಯಿತು. ಹಿನ್ನೆಲೆಯ ಬೋರ್ಡು ನೋಡಿ: ಕನ್ನಡದ ಒತ್ತಕ್ಷರಗಳನ್ನು ಬರೆಯುವಾಗ ಹಲವು ಎಐಗಳು ಇನ್ನೂ ತಪ್ಪುತ್ತವೆ. ಆದರೆ ಅದೂ ಶಾಶ್ವತವಲ್ಲ. ಬರಿಗಣ್ಣಿಗಿಂತ ಮೂಲ ಹುಡುಕುವುದೇ ಗಟ್ಟಿಯಾದ ದಾರಿ.

ಪರೀಕ್ಷಿಸುವುದು, ಸಾಕ್ಷಿಗೆ ತೆಗೆಯುವುದು

ಮೊದಲು ಫೋಟೊವನ್ನು ಚಿತ್ರದಿಂದಲೇ ಹುಡುಕುವ ಗೂಗಲ್ ಲೆನ್ಸ್ ಆ್ಯಪ್‌ಗೆ ಹಾಕಿ, ಅದೇ ಚಿತ್ರ ಹಿಂದೆ ಎಲ್ಲಿ, ಯಾವಾಗ ಬಂದಿತ್ತು ನೋಡಿ. ಹಳೆಯ ಫೋಟೊಗೆ ಹೊಸ ಒಕ್ಕಣೆ ಹಾಕಿದ್ದರೆ ಬಹಳ ಸಲ ಇಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಬೋರ್ಡಿನ ಭಾಷೆ, ಗಾಡಿಗಳ ನಂಬರ್ ಪ್ಲೇಟ್, ಪೊಲೀಸರ ಸಮವಸ್ತ್ರ, ಗಿಡಮರ, ಹವಾಮಾನ ಹೇಳಿದ ಊರಿಗೆ, ಹೇಳಿದ ತಿಂಗಳಿಗೆ ಹೊಂದುತ್ತವೆಯೇ ನೋಡಿ.

ನೆರಳುಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲ, ಹಾಗಾಗಿ ಫೋಟೊ ನಕಲಿ ಎಂಬ ವಾದ ತಪ್ಪು. ರೈಲು ಹಳಿಗಳು ದೂರದಲ್ಲಿ ಕೂಡುವಂತೆ ನೆಲದ ನೆರಳುಗಳೂ ಓರೆಯಾಗಿಯೇ ಕಾಣುತ್ತವೆ. ಸರಿಯಾದ ಪರೀಕ್ಷೆ ಬೇರೆ. ನೆರಳಿನ ತುದಿಯಿಂದ ಆ ನೆರಳು ಬೀರಿದ ವಸ್ತುವಿನ ತುದಿಗೆ ಗೆರೆ ಎಳೆಯಿರಿ. ಹೀಗೆ ನಾಲ್ಕೈದು ವಸ್ತುಗಳಿಗೆ ಎಳೆದು ಮುಂದುವರಿಸಿ. ದೀಪ ಒಂದೇ ಆಗಿದ್ದರೆ ಎ‌ಲ್ಲ ಗೆರೆಗಳೂ ಒಂದೇ ಬಿಂದುವಿಗೆ ಬರಬೇಕು. ಒಬ್ಬನ ಗೆರೆ ಮಾತ್ರ ಬೇರೆ ಕಡೆ ಹೋದರೆ ಅವನನ್ನು ಆಮೇಲೆ ಅಂಟಿಸಿರುವ ಸಾಧ್ಯತೆ ಹೆಚ್ಚು.

ಫೋಟೊ ಫೈಲಿನೊಳಗೆ ದಿನಾಂಕ, ಸಮಯ, ಫೋನಿನ ಮಾದರಿ, ಲೊಕೇಶನ್ ಚಾಲೂ ಇದ್ದರೆ ಸ್ಥಳ ಕೂಡ ದಾಖಲಾಗಿರುತ್ತದೆ. ವಾಟ್ಸ್ಆ್ಯಪ್ಪಿನಲ್ಲಿ ಫೋಟೊ ಆಗಿ ಕಳಿಸಿದರೆ ಇದೆಲ್ಲ ಅಳಿಸಿಹೋಗಿ ಚಿತ್ರವೂ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಈ ಮಾಹಿತಿಯನ್ನು ತಿದ್ದಲೂ ಬರುತ್ತದೆ ಎಂಬುದು ನೆನಪಿರಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಡಿಜಿಟಲ್ ಫೋಟೊವನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಸಂಖ್ಯೆ ಬರೆಯಬೇಕು. ಹ್ಯಾಶ್ ಎಂದರೆ ಫೈಲಿನ ಹೆಬ್ಬೆಟ್ಟು. ಒಂದು ಪಿಕ್ಸೆಲ್ ಬದಲಾದರೂ ಅದು ಬೇರೆಯಾಗುತ್ತದೆ. ಕ್ರಾಪ್ ಮಾಡಿ ಮೂಲವನ್ನು ಅಳಿಸಿದರೆ ಆಮೇಲೆ ತಾಳೆ ನೋಡಲು ಏನೂ ಉಳಿಯುವುದಿಲ್ಲ.

ಹಾನಿಯ ಫೋಟೊ ತೆಗೆಯುವಾಗ ಮೂರು ದೂರದಿಂದ ತೆಗೆಯಿರಿ. ಮೊದಲು ದೂರದಿಂದ, ಮನೆಯೋ ಗಾಡಿಯೋ ಸುತ್ತಲಿನ ಗುರುತುಗಳೊಂದಿಗೆ ಇಡಿಯಾಗಿ ಬರುವಂತೆ. ಆಮೇಲೆ ಎರಡು ಮೀಟರಿನಿಂದ, ಬಿರುಕು ಯಾವ ಗೋಡೆಯ ಯಾವ ಭಾಗದಲ್ಲಿದೆ ಎಂದು ತಿಳಿಯುವಂತೆ. ಕೊನೆಗೆ ಹತ್ತಿರದಿಂದ, 0.5x ಬಳಸದೆ, ಫೋನನ್ನು ಗೋಡೆಗೆ ಸಮಾನಾಂತರವಾಗಿ ಹಿಡಿದು. ಓರೆ ಹಿಡಿದರೆ ಒಂದು ತುದಿಯ ಬಿರುಕು ಅಗಲವಾಗಿ ಇನ್ನೊಂದು ತುದಿಯದು ಸಣ್ಣಗೆ ಕಾಣುತ್ತದೆ. ಪಕ್ಕದಲ್ಲಿ ಸ್ಕೇಲ್ ಇಡಿ. ಇಲ್ಲದಿದ್ದರೆ ಎರಡು ಬಣ್ಣದ ಹತ್ತು ರೂಪಾಯಿ ನಾಣ್ಯ ಸಾಕು, ಅದರ ಅಗಲ 27 ಮಿಲಿಮೀಟರ್. ನಾಣ್ಯವನ್ನು ಬಿರುಕಿನ ಮಟ್ಟದಲ್ಲೇ ಗೋಡೆಗೆ ಒತ್ತಿ ಹಿಡಿಯಬೇಕು. ಗೋಡೆಯಿಂದ ಒಂದಿಂಚು ಮುಂದೆ ಹಿಡಿದರೆ ನಾಣ್ಯ ದೊಡ್ಡದಾಗಿ, ಬಿರುಕು ಇದ್ದದ್ದಕ್ಕಿಂತ ಚಿಕ್ಕದಾಗಿ ದಾಖಲಾಗುತ್ತದೆ.